ಸಂಘದ ಹೆಸರು, ಸಾಲದ ವ್ಯಾಪಾರ

ಬಡ ಹೆಂಗಸಿನ ಕೈಗೆ ಜಾಮೀನಿಲ್ಲದೆ ಸಣ್ಣದೊಂದು ಸಾಲ ಸಿಕ್ಕರೆ ಅವಳು ಉದ್ಯೋಗ ಹೂಡುತ್ತಾಳೆ, ಬಂದ ಲಾಭದಲ್ಲಿ ಕಂತು ಕಟ್ಟುತ್ತಾಳೆ, ಮಿಕ್ಕಿದ್ದರಿಂದ ಸಂಸಾರ ಮೇಲೇಳುತ್ತದೆ, ಮನೆಯಲ್ಲಿ ಅವಳ ಮಾತಿಗೂ ತೂಕ ಬರುತ್ತದೆ. ಕಿರುಸಾಲದ ಪರವಾಗಿ ಸುಮಾರು ನಲವತ್ತು ವರ್ಷಗಳಿಂದ ನಡೆದುಬಂದಿರುವ ವಾದದ ಸಾರ ಇಷ್ಟೇ. ಬ್ಯಾಂಕಿನವರು, ಮಂತ್ರಿಗಳು, ವಿದೇಶಿ ದಾನಿಗಳು, ಪತ್ರಿಕೆಗಳು ಎಲ್ಲರೂ ಇದನ್ನು ಒಪ್ಪಿಕೊಂಡದ್ದರಿಂದ ಮಹಿಳಾ ಸಂಘ ಎಂದರೆ ಸಾಲ ಹಂಚುವ ಸಂಘ, ಸಬಲೀಕರಣ ಎಂದರೆ ಸಾಲ ಪಡೆಯುವ ಅರ್ಹತೆ ಎಂಬಲ್ಲಿಗೆ ಮಾತು ಬಂದು ನಿಂತಿದೆ. ಬಡತನಕ್ಕೆ ಕಾರಣ ಬಂಡವಾಳದ ಕೊರತೆ ಎಂಬ ಊಹೆ ಈ ವಾದದ ತಳಪಾಯ. ಆ ತಳಪಾಯವೇ ಸಡಿಲ ಎಂಬುದಕ್ಕೆ ಪುರಾವೆ ಹುಡುಕಿಕೊಂಡು ಬಾಂಗ್ಲಾದೇಶಕ್ಕೋ ಮೆಕ್ಸಿಕೊಗೋ ಹೋಗಬೇಕಾಗಿಲ್ಲ. ಪುಣೆಯಲ್ಲಿ ನಡೆದದ್ದನ್ನು ಕ್ರಮವಾಗಿ ನೋಡಿದರೆ ಸಾಕು.

ಸಾಲದ ಚರಿತ್ರೆಯಲ್ಲಿ ಪುಣೆ ಸಣ್ಣ ಊರಲ್ಲ. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಗ್ರಾಮದ ಸಂತೆಯಲ್ಲಿ ರೈತರು ಸಾವಕಾರರ ಮೇಲೆ ತಿರುಗಿಬಿದ್ದರು. ಅವರ ಸಿಟ್ಟು ಸಾವಕಾರರ ಜೀವದ ಮೇಲಿರಲಿಲ್ಲ, ಅವರ ಪೆಟ್ಟಿಗೆಯೊಳಗಿನ ಸಾಲಪತ್ರಗಳ ಮೇಲಿತ್ತು. ಪತ್ರಗಳನ್ನು ಹೊರಗೆಳೆದು ಸುಟ್ಟರು. ದಖ್ಖನ್ ದಂಗೆ ಎಂದು ಹೆಸರಾದ ಈ ಗಲಭೆ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ರೈತ ಮದುವೆ ಮುಂಜಿಗೆ ದುಂದು ಮಾಡಿ ಸಾಲಕ್ಕೆ ಬೀಳುತ್ತಾನೆ ಎಂಬುದು ಆ ಕಾಲದ ದೊಡ್ಡವರ ಮಾತು. ವಿಚಾರಣೆಗೆ ನೇಮಿಸಿದ ಆಯೋಗ ಆ ಕಾರಣಕ್ಕೆ ಸಲ್ಲದ ಮಹತ್ವ ಕೊಡಲಾಗಿದೆ ಎಂದು ಕಂಡುಕೊಂಡಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಹತ್ತಿಯ ಬೆಲೆ ಯುದ್ಧ ಮುಗಿದ ಮೇಲೆ ಕುಸಿದಿತ್ತು, ಕಂದಾಯ ಮಾತ್ರ ಏರುತ್ತಲೇ ಹೋಗಿತ್ತು. ಸಾಲ ರೋಗವಾಗಿರಲಿಲ್ಲ, ರೋಗದ ಲಕ್ಷಣವಾಗಿತ್ತು. 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು, 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ. ಅದರ ಮರುವರ್ಷವೇ, ಆಗ ಮುಂಬಯಿ ಪ್ರಾಂತದಲ್ಲಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸುಪೆಯಲ್ಲಿ ಹೊತ್ತಿದ ಬೆಂಕಿಗೂ ಕಣಗಿನಹಾಳದ ಲೆಕ್ಕದ ಪುಸ್ತಕಕ್ಕೂ ನಡುವೆ ಮೂವತ್ತು ವರ್ಷಗಳ ಅಂತರವಿದೆ, ಸಂಬಂಧವೂ ಇದೆ: ಸಾಲ ಕೊಡುವ ಅಧಿಕಾರ ಸಾಲ ಪಡೆಯುವವರ ಕೈಗೇ ಬರಬೇಕು ಎಂಬ ತಿಳಿವಳಿಕೆ. ಸಹಕಾರ ಎಂಬ ಮಾತಿನ ಮೂಲ ಅರ್ಥ ಅದು.

ಇಂದಿನ ಮೈಕ್ರೋಫೈನಾನ್ಸ್ ಆ ಅರ್ಥದಿಂದ ಎಲ್ಲಿ ದೂರ ಸರಿಯಿತು ಎಂಬುದನ್ನು ಗುರುತಿಸಲು ಎರಡು ಬಗೆಯ ಗುಂಪುಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ಸ್ವಸಹಾಯ ಸಂಘ, ಮಹಾರಾಷ್ಟ್ರದಲ್ಲಿ ಬಚತ್ ಗಟ್. ಕರ್ನಾಟಕದಲ್ಲಿ ಮೈರಾಡ ಸಂಸ್ಥೆ 1980ರ ದಶಕದ ನಡುವಿನಲ್ಲಿ ಇಂಥ ಗುಂಪುಗಳನ್ನು ಬೆಳೆಸಿತು. ಹತ್ತು ಹದಿನೈದು ಜನ ಸೇರಿ ವಾರವಾರ ಉಳಿತಾಯ ಮಾಡುವುದು, ಆ ಹಣವನ್ನೇ ತಮ್ಮೊಳಗೆ ಸಾಲ ಕೊಟ್ಟುಕೊಳ್ಳುವುದು, ಬಡ್ಡಿಯನ್ನು ತಾವೇ ನಿಗದಿ ಮಾಡುವುದು ಅದರ ರೀತಿ. ನಬಾರ್ಡ್ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಎರಡನೆಯದು ಜಂಟಿ ಹೊಣೆಯ ಗುಂಪು. ಬಾಂಗ್ಲಾದೇಶದ ಜೋಬ್ರಾ ಗ್ರಾಮದಲ್ಲಿ ಮುಹಮ್ಮದ್ ಯೂನುಸ್ 1976ರಲ್ಲಿ ಶುರು ಮಾಡಿ 1983ರಲ್ಲಿ ಗ್ರಾಮೀಣ್ ಬ್ಯಾಂಕ್ ಆಗಿಸಿದ ಪದ್ಧತಿಯಿಂದ ಬಂದದ್ದು ಇದು. ಇಲ್ಲಿ ಹಣ ಹೊರಗಿನ ಕಂಪನಿಯದು, ನಿಯಮ ಕಂಪನಿಯದು, ಲಾಭವೂ ಅದರದೇ. ಹೆಂಗಸರ ಪಾಲಿಗೆ ಇರುವುದು ಒಬ್ಬರಿಗೊಬ್ಬರು ಹೊಣೆಯಾಗುವ ಕೆಲಸ ಮಾತ್ರ.

ಓಣಿಯಲ್ಲಿ ಎರಡಕ್ಕೂ ಒಂದೇ ಹೆಸರು: ಸಂಘ. ‘ಸಂಘದ ಸಾಲ’ ಎಂದರೆ ಕೋಲಾರದಲ್ಲಾಗಲಿ ಕಲಬುರಗಿಯಲ್ಲಾಗಲಿ ಕೇಳುವವರಿಗೆ ಯಾವ ಸಾಲ ಎಂದು ತಿಳಿಯುವುದಿಲ್ಲ, ಬಹಳ ಸಲ ಪಡೆದವರಿಗೂ ತಿಳಿದಿರುವುದಿಲ್ಲ. ಕಂಪನಿಗಳಿಗೆ ಈ ಗೊಂದಲದಿಂದ ಆದ ಉಪಕಾರ ಅಷ್ಟಿಷ್ಟಲ್ಲ. ನೂರು ವರ್ಷಗಳಿಂದ ಸಹಕಾರ ಸಂಘ ಎಂಬ ಪದ ಗಳಿಸಿಕೊಂಡ ನಂಬಿಕೆ, ಷೇರು ಬಂಡವಾಳ ಕಟ್ಟದ, ಆಡಳಿತ ಮಂಡಳಿಗೆ ಮತ ಹಾಕದ, ವಾರ್ಷಿಕ ಸಭೆಯನ್ನೇ ಕಾಣದ ಐವರು ಹೆಂಗಸರ ಕೂಟಕ್ಕೆ ಪುಕ್ಕಟೆಯಾಗಿ ಬಂದುಬಿಟ್ಟಿತು. ಜಾಮೀನು ಬೇಡ ಎಂದು ಹೇಳುವ ಸಾಲದಲ್ಲಿ ನಿಜವಾಗಿ ಜಾಮೀನು ಇದ್ದೇ ಇದೆ. ಅದು ನೆರೆಮನೆಯವಳ ಮುಖ. ಒಬ್ಬಳು ಕಂತು ತಪ್ಪಿಸಿದರೆ ಉಳಿದ ನಾಲ್ವರ ಮುಂದೆ ತಲೆ ತಗ್ಗಿಸಬೇಕಾದ ಸ್ಥಿತಿಯನ್ನೇ ಆಸ್ತಿಯಂತೆ ಅಡವಿಟ್ಟುಕೊಳ್ಳುವ ಜಾಣ್ಮೆ ಈ ಪದ್ಧತಿಯದು.

ಪ್ರಚಲಿತ ವಾದದ ಬತ್ತಳಿಕೆಯಲ್ಲಿರುವ ಮುಖ್ಯ ಬಾಣ ಮರುಪಾವತಿಯ ಪ್ರಮಾಣ. ಬಡವರು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಸಾಲ ತೀರಿಸುತ್ತಾರೆ, ಆದ್ದರಿಂದ ಸಾಲ ಫಲ ಕೊಟ್ಟಿದೆ ಎಂಬ ತರ್ಕ ವಾರ್ಷಿಕ ವರದಿಗಳಲ್ಲೆಲ್ಲ ಕಾಣುತ್ತದೆ. ಮರುಪಾವತಿ ವಸೂಲಿಯ ಅಳತೆ, ಏಳಿಗೆಯ ಅಳತೆಯಲ್ಲ. ಸುಪೆಯ ಸಾವಕಾರರಿಗೂ ದಂಗೆಗೆ ಮುಂಚೆ ಬಾಕಿ ವಸೂಲಾಗುತ್ತಲೇ ಇತ್ತು. ಕಂತು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಆ ಅಂಕಿಯಲ್ಲಿ ಉತ್ತರವಿಲ್ಲ. ಕಿವಿಯೋಲೆ ಗಿರವಿಯಿಂದ ಬಂದಿರಬಹುದು, ಮಕ್ಕಳ ಹಾಲು ನಿಲ್ಲಿಸಿದ್ದರಿಂದ ಬಂದಿರಬಹುದು, ಬುಧವಾರದ ಕಂಪನಿಯ ಕಂತಿಗೆ ಸೋಮವಾರದ ಕಂಪನಿಯ ಸಾಲವೇ ಆಧಾರವಾಗಿರಬಹುದು. ಮೂರನ್ನೂ ವರದಿ ಒಂದೇ ಸಾಲಿನಲ್ಲಿ ‘ಉತ್ತಮ’ ಎಂದು ಬರೆಯುತ್ತದೆ.

ಬಡ್ಡಿಯ ಲೆಕ್ಕದಲ್ಲೂ ಇಂಥದೇ ಮುಸುಕು. 10,000 ರೂಪಾಯಿ ಸಾಲಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ ಎಂದು ಹೇಳಿ 50 ವಾರಗಳಲ್ಲಿ ವಾರಕ್ಕೆ 220 ರೂಪಾಯಿಯಂತೆ ಕಟ್ಟಿಸಿಕೊಂಡರೆ, ಸಾಲಗಾರ್ತಿಯ ಕೈಯಲ್ಲಿ ಇಡೀ ವರ್ಷ 10,000 ರೂಪಾಯಿ ಇರುವುದಿಲ್ಲ. ಸರಾಸರಿ ಅದರ ಅರ್ಧ ಮಾತ್ರ ಇರುತ್ತದೆ. ಆದ್ದರಿಂದ ನಿಜವಾದ ದರ ಹತ್ತಲ್ಲ, ಇಪ್ಪತ್ತರ ಹತ್ತಿರ. ಮೊದಲ ಕಂತು ಮೊದಲ ವಾರವೇ ಬರುತ್ತದೆ ಎಂಬುದನ್ನು ಗಮನಿಸಬೇಕು. ಸಾಲದ ಹಣದಿಂದ ಎಮ್ಮೆ ಕೊಂಡವಳಿಗೆ ಎಮ್ಮೆ ಕರೆಯಲು ಶುರುವಾಗುವ ಮೊದಲೇ ಕಂತು ಶುರುವಾಗಿರುತ್ತದೆ. ಹೂಡಿಕೆಗೆ ಕೊಟ್ಟ ಸಾಲ ಎನ್ನುವುದಾದರೆ ಇಂಥ ಕಂತು ಯಾರಿಗೂ ಹೊಳೆಯುತ್ತಿರಲಿಲ್ಲ. ಈಗಾಗಲೇ ಇರುವ ಕೂಲಿಯಿಂದ ವಸೂಲು ಮಾಡುವುದೇ ಉದ್ದೇಶವಾದಾಗ ಮಾತ್ರ ವಾರದ ಕಂತಿಗೆ ಅರ್ಥ ಬರುತ್ತದೆ.

ವಾದ ಮುರಿದುಬಿದ್ದ ಸಂದರ್ಭಗಳು ದಾಖಲೆಯಲ್ಲಿವೆ. 2009ರಲ್ಲಿ ಕೋಲಾರ, ರಾಮನಗರಗಳಲ್ಲಿ ಕಂತು ಕಟ್ಟುವುದು ಸಾಮೂಹಿಕವಾಗಿ ನಿಂತಿತು. 2010ರಲ್ಲಿ ಕಿರುಸಾಲ ಕೊಡುವ ಎಸ್‌ಕೆಎಸ್ ಕಂಪನಿಯ ಷೇರುಗಳು ಮಾರುಕಟ್ಟೆಗೆ ಬಂದು ಹೂಡಿಕೆದಾರರು ಹಿಗ್ಗಿದ ವರ್ಷವೇ ಆಂಧ್ರಪ್ರದೇಶದಲ್ಲಿ ಸಾಲಗಾರರ ಆತ್ಮಹತ್ಯೆಗಳು ಸುದ್ದಿಯಾದವು, ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೆಗಾಮ್ ಸಮಿತಿ ಕೂತಿತು, 2011ರಲ್ಲಿ ಬ್ಯಾಂಕ್ ಬಡ್ಡಿಗೆ ನೂರಕ್ಕೆ 26ರ ಮಿತಿ ಹಾಕಿತು. 2022ರ ಹೊಸ ನಿಯಮಗಳಲ್ಲಿ ಬಡ್ಡಿಯ ಮೇಲಿನ ಕಟ್ಟು ಹೋಯಿತು, ಕಂತುಗಳ ಮೊತ್ತ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂಬ ಷರತ್ತು ಬಂತು. ಅರ್ಧ ಆದಾಯ ಕಂತಿಗೆ ಹೋದರೂ ಚಿಂತೆಯಿಲ್ಲ ಎಂದು ಒಪ್ಪುವ ನಿಯಮವನ್ನು ಬಡವರ ರಕ್ಷಣೆ ಎನ್ನಲು ಧೈರ್ಯ ಬೇಕು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ವಸೂಲಿಯ ಕಿರುಕುಳ ತಡೆಯಲು ಹತ್ತು ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಬಲೀಕರಣದ ಸಾಧನಕ್ಕೆ ಇಷ್ಟು ಕಠಿಣ ಕಾನೂನಿನ ಬೇಲಿ ಏಕೆ ಬೇಕಾಯಿತು ಎಂಬುದಕ್ಕೆ ವಾದಿಗಳು ‘ಕೆಲವು ಕೆಟ್ಟ ಕಂಪನಿಗಳು’ ಎಂಬ ಉತ್ತರ ಇಟ್ಟುಕೊಂಡಿದ್ದಾರೆ.

ಕಂಪನಿಗಳೆಲ್ಲ ಒಳ್ಳೆಯವೇ ಎಂದು ಒಪ್ಪಿಕೊಂಡರೂ ವಾದ ನಿಲ್ಲುವುದಿಲ್ಲ. ಹೈದರಾಬಾದಿನ 104 ಬಡಾವಣೆಗಳಲ್ಲಿ ಚೀಟಿ ಎತ್ತಿದಂತೆ 52ನ್ನು ಆರಿಸಿ ಅಲ್ಲಿ ಮೊದಲು ಕಿರುಸಾಲ ಒದಗಿಸಿ, ಉಳಿದವುಗಳೊಡನೆ ಹೋಲಿಸಿದ ಅಧ್ಯಯನವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಮನೆಯ ಒಟ್ಟು ಖರ್ಚಿನಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಆರೋಗ್ಯ, ಮಕ್ಕಳ ಓದು, ಹೆಂಗಸರ ತೀರ್ಮಾನಾಧಿಕಾರ ಯಾವುದರಲ್ಲೂ ಗುರುತಿಸಬಹುದಾದ ಬದಲಾವಣೆ ಇರಲಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊಗಳ ಅಧ್ಯಯನಗಳೂ ವಿದ್ವತ್ಪತ್ರಿಕೆಯ ಅದೇ ಸಂಚಿಕೆಯಲ್ಲಿ ಬಂದವು. ಎಲ್ಲವೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು: ಸಾಲದಿಂದ ಕೆಲವರಿಗೆ ಅನುಕೂಲವಾಗಿದೆ, ಬಡತನ ಕರಗಿಲ್ಲ. ಹಾಗೆ ನೋಡಿದರೆ ಆಶ್ಚರ್ಯಪಡುವುದಕ್ಕೆ ಏನೂ ಇರಲಿಲ್ಲ. ಒಂದೇ ಓಣಿಯಲ್ಲಿ ಐದು ಜನಕ್ಕೆ ಸಾಲ ಕೊಟ್ಟರೆ ಐದು ತರಕಾರಿ ಗಾಡಿಗಳಾಗುತ್ತವೆ. ಕೊಳ್ಳುವವರು ಮೊದಲಿದ್ದಷ್ಟೇ ಇರುತ್ತಾರೆ.

ಈ ಕೊನೆಯ ಮಾತನ್ನು ಪುಣೆಯ ಅನ್ನಪೂರ್ಣಾ ಪರಿವಾರದ ಪೂರ್ವೇತಿಹಾಸ ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಕಿರುಸಾಲದ ಪರವಾದಿಗಳು ತಮ್ಮ ಪುರಾವೆಯೆಂದು ಮುಂದಿಡುವ ಹೆಸರೂ ಅದೇ ಆದ್ದರಿಂದ ಸ್ವಲ್ಪ ತಡೆದು ನೋಡುವುದು ಒಳಿತು. ಮುಂಬಯಿಯ ಗಿರಣಗಾಂವ್‌ನಲ್ಲಿ ಗಿರಣಿ ಕಾರ್ಮಿಕರಿಗೆ ಅಡುಗೆ ಮಾಡಿ ಹಾಕುವ ಖಾನಾವಳಿ ಹೆಂಗಸರು ಸಾವಿರಾರು ಮಂದಿ ಇದ್ದರು. ಉತ್ತರ ಕರ್ನಾಟಕದವರಿಗೆ ಖಾನಾವಳಿ ಎಂದರೆ ರೊಟ್ಟಿ ಊಟದ ಅಂಗಡಿ. ಅಲ್ಲಿ ಅದು ಒಂದೇ ಕೋಣೆಯ ಚಾಳಿನಲ್ಲಿ ಹತ್ತಿಪ್ಪತ್ತು ಗಂಡಸರಿಗೆ ಎರಡು ಹೊತ್ತು ಬೇಯಿಸುವ ದುಡಿಮೆ. ಊಟದ ಹಣ ತಿಂಗಳ ಕೊನೆಗೆ, ಕಿರಾಣಿ ಅಂಗಡಿಯ ಬಾಕಿ ಅಲ್ಲಿಯವರೆಗೆ ಬಡ್ಡಿಯೊಂದಿಗೆ. ಕಾರ್ಮಿಕ ಚಳವಳಿಯಿಂದ ಬಂದ ಪ್ರೇಮಾ ಪುರವ್ 1975ರಲ್ಲಿ ಇವರಲ್ಲಿ 14 ಮಂದಿಗೆ ಬ್ಯಾಂಕ್ ಆಫ್ ಬರೋಡಾದಿಂದ ಸಾಲ ಕೊಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಆರಂಭಿಸಿದರು. ಇಲ್ಲಿ ಸಾಲ ಕೆಲಸ ಮಾಡಿತು ಎಂಬುದು ನಿಜ. ಏಕೆ ಮಾಡಿತು ಎಂದು ಕೇಳಿದರೆ ವಾದ ತಿರುವುಮುರುವಾಗುತ್ತದೆ. ಅವರಿಗೆ ಕಸುಬು ಆಗಲೇ ಇತ್ತು, ಗಿರಾಕಿಗಳಿದ್ದರು, ಗಿರಾಕಿಗಳಿಗೆ ಸಂಬಳವಿತ್ತು, ಸಂಬಳದ ಹಿಂದೆ ಯೂನಿಯನ್ನುಗಳ ಹೋರಾಟವಿತ್ತು. ಸಾಲ ತುಂಬಿದ್ದು ತಿಂಗಳ ನಡುವಿನ ಕಂದಕವನ್ನು.

1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಸಂಬಳ ನಿಂತಿತು. ಅವರಲ್ಲಿ ಬಹಳ ಮಂದಿ ಮತ್ತೆ ಗಿರಣಿಯ ಮೆಟ್ಟಿಲು ಹತ್ತಲೇ ಇಲ್ಲ. ಗಿರಣಿಗಳು ಮುಚ್ಚಿದ ಮೇಲೆ ಯಾವ ಬಡ್ಡಿದರದಲ್ಲಿ ಎಷ್ಟು ಸಾಲ ಕೊಟ್ಟರೂ ಖಾನಾವಳಿಯ ಎಲೆಗೆ ಕೂರುವವರನ್ನು ತರಲು ಸಾಧ್ಯವಿರಲಿಲ್ಲ. ಹೆಂಗಸಿನ ಉದ್ಯಮಶೀಲತೆಯನ್ನು ಹೊಗಳುವ ಭಾಷಣಗಳು ಈ ವರ್ಷವನ್ನು ದಾಟಿಕೊಂಡು ಹೋಗುತ್ತವೆ.

ಪುರವ್ ಅವರ ಮಗಳು, ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ಮೇಧಾ ಪುರವ್ ಸಾಮಂತ್ 1993ರಲ್ಲಿ ಪುಣೆಯ ಕೊಳೆಗೇರಿಗಳಲ್ಲಿ ಅನ್ನಪೂರ್ಣಾದ ಕೆಲಸ ಶುರು ಮಾಡಿದರು. ಅದು ಬೆಳೆದು ಸಹಕಾರಿ ಪತ್ತಿನ ಸಂಘವಾಯಿತು. ಬರಿಯ ಸಾಲ ಸಾಲದು ಎಂಬುದನ್ನು ಒಪ್ಪಿಕೊಂಡದ್ದೇ ಅದರ ಬೆಳವಣಿಗೆಯ ಗುಟ್ಟು. ಕಂತು ತಪ್ಪುವ ಮನೆಗಳಲ್ಲಿ ಕಾಯಿಲೆ, ಸಾವು, ಮಗುವನ್ನು ನೋಡಿಕೊಳ್ಳುವವರಿಲ್ಲದಿರುವುದು ಇಂಥ ಕಾರಣಗಳೇ ಎದುರಾಗುತ್ತವೆ. ಆದ್ದರಿಂದ ಸದಸ್ಯರೇ ಹಣ ಹಾಕಿ ನಡೆಸುವ ಆರೋಗ್ಯ ನಿಧಿ, ಜೀವ ವಿಮೆ, ಮಕ್ಕಳ ಪಾಲನಾ ಕೇಂದ್ರಗಳು ಬಂದವು. ಕಿರುಸಾಲದ ಯಶಸ್ಸು ಎಂದು ಬೆರಳಿಟ್ಟು ತೋರಿಸುವ ಸಂಸ್ಥೆಯೇ ಸಾಲದಾಚೆಗೆ ಇಷ್ಟನ್ನೆಲ್ಲ ಕಟ್ಟಿಕೊಳ್ಳಬೇಕಾಯಿತು. ಪುಣೆ ಜಿಲ್ಲೆಯ ರಾಜಗುರುನಗರದಲ್ಲಿ ಸುಧಾ ಕೊಠಾರಿಯವರ ಚೈತನ್ಯ ಸಂಸ್ಥೆ ಬಚತ್ ಗಟ್‌ಗಳನ್ನು ಗ್ರಾಮೀಣ ಮಹಿಳಾ ಸ್ವಯಂಸಿದ್ಧಾ ಸಂಘವೆಂಬ ಒಕ್ಕೂಟವಾಗಿ ಕಟ್ಟಿದ್ದೂ ಇದೇ ದಾರಿಯಲ್ಲಿ. ಬಿಡಿ ಗುಂಪು ಬ್ಯಾಂಕಿನ ಮುಂದೆ ಅರ್ಜಿದಾರ, ಒಕ್ಕೂಟವಾದರೆ ಎದುರು ಕೂತು ಮಾತಾಡುವ ಪಕ್ಷಗಾರ.

ಆದರೆ ಪ್ರಚಲಿತ ಮತವನ್ನು ಬುಡಸಮೇತ ಅಲ್ಲಾಡಿಸುವ ಉದಾಹರಣೆ ಸಾಲದ ಸಂಸ್ಥೆಗಳದ್ದಲ್ಲ, ಕಸ ಆಯುವವರದ್ದು. ಪುಣೆಯಲ್ಲಿ ಚಿಂದಿ, ಕಾಗದ, ಗಾಜು ಆರಿಸಿ ಗುಜರಿ ಅಂಗಡಿಗೆ ಮಾರುವವರಲ್ಲಿ ಬಹುಪಾಲು ದಲಿತ ಹೆಂಗಸರು. 1972ರ ಬರಗಾಲದಲ್ಲಿ ಮರಾಠವಾಡದ ಹಳ್ಳಿ ಬಿಟ್ಟು ಬಂದ ಕುಟುಂಬಗಳು ಅವರಲ್ಲಿ ಹಲವು. ಮೈಕ್ರೋಫೈನಾನ್ಸಿನ ಪುಸ್ತಕದ ಪ್ರಕಾರ ಇವರಿಗಿಂತ ಯೋಗ್ಯ ಫಲಾನುಭವಿಗಳು ಸಿಗುವುದಿಲ್ಲ. ಸಾಲ ಕೊಟ್ಟು, ಕಸ ಬಿಡಿಸಿ, ಬಳೆ ಅಂಗಡಿಯನ್ನೋ ಹೊಲಿಗೆ ಯಂತ್ರವನ್ನೋ ಕೊಡಿಸುವುದೇ ಆ ಪುಸ್ತಕದ ಪರಿಹಾರ. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದಿಂದ ಇವರ ನಡುವೆ ಕೆಲಸಕ್ಕೆ ಹೋದ ಪೂರ್ಣಿಮಾ ಚಿಕರ್ಮಾನೆ, ಲಕ್ಷ್ಮೀ ನಾರಾಯಣ್ ಅವರಿಗೆ ಹೆಂಗಸರಿಂದ ಸಿಕ್ಕ ತಿಳಿವಳಿಕೆ ಬೇರೆಯದಾಗಿತ್ತು. ಅವರಿಗೆ ಬೇರೆ ಕಸುಬು ಬೇಕಿರಲಿಲ್ಲ. ಇದೇ ಕಸುಬನ್ನು ಮರ್ಯಾದೆಯಿಂದ ಮಾಡಲು ಬಿಡಬೇಕಿತ್ತು. ಕುಪ್ಪೆಯಲ್ಲಿ ಕೊಳೆತದ್ದರ ನಡುವೆ ಕೈಯಾಡಿಸುವ ಬದಲು ಮನೆಬಾಗಿಲಲ್ಲೇ ಒಣಕಸ ಸಿಗಬೇಕಿತ್ತು, ಕಳ್ಳಿ ಎಂದು ಪೊಲೀಸರು ಹಿಡಿಯಬಾರದಿತ್ತು.

1993ರಲ್ಲಿ ಹಮಾಲಿ ಕಾರ್ಮಿಕರ ನಾಯಕ ಬಾಬಾ ಆಢಾವ್ ಅವರ ಬೆಂಬಲದೊಂದಿಗೆ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಹುಟ್ಟಿತು. ಕಾಗದ, ಗಾಜು, ತಗಡು ಆಯುವ ಕಷ್ಟಜೀವಿಗಳ ಪಂಚಾಯಿತಿ ಎಂದು ಅದರ ಅರ್ಥ. ಅದು ಸಾಲದ ಗುಂಪಾಗಿರಲಿಲ್ಲ, ಕಾರ್ಮಿಕ ಸಂಘಟನೆ. 1990ರ ದಶಕದ ನಡುವಿನಲ್ಲಿ ಪುಣೆ ಮತ್ತು ಪಿಂಪ್ರಿ-ಚಿಂಚವಡ ಪಾಲಿಕೆಗಳು ಸಂಘಟನೆಯ ಗುರುತು ಚೀಟಿಗೆ ಮನ್ನಣೆ ಕೊಟ್ಟವು. ಎದೆಯ ಮೇಲೆ ತೂಗುವ ಆ ಚೀಟಿಗೆ ಖರ್ಚು ಕೆಲವೇ ರೂಪಾಯಿ. ಅದರಿಂದ ಕಾಲೋನಿಯ ಗೇಟು ತೆರೆಯಿತು, ಕಾವಲುಗಾರನ ಕೋಲು ಕೆಳಗಿಳಿಯಿತು. ಸಾಲ ಎಷ್ಟೇ ದೊಡ್ಡದಾದರೂ ಆ ಕೆಲಸ ಅದರಿಂದ ಆಗುವಂಥದ್ದಲ್ಲ. ಸಂಘಟನೆ ಹುಟ್ಟಿ ನಾಲ್ಕು ವರ್ಷಗಳಾದ ಮೇಲೆ, 1997ರಲ್ಲಿ, ಸದಸ್ಯರದೇ ಪತ್ತಿನ ಸಹಕಾರ ಸಂಘ, ಅಂದರೆ ಪತ್‌ಸಂಸ್ಥೆ ಬಂತು. ಅದರ ಸಾಲ ಬಹುಮಟ್ಟಿಗೆ ಹಳೆಯ ಮೀಟರ್ ಬಡ್ಡಿ ಸಾಲ ತೀರಿಸಲು, ಮನೆಗೆ ತಗಡು ಹೊದಿಸಲು, ಮಕ್ಕಳ ಶಾಲೆಗೆ, ಆಸ್ಪತ್ರೆಗೆ. ಉದ್ಯಮಕ್ಕೆಂದು ಸುಳ್ಳು ಬರೆಸಿಕೊಳ್ಳುವ ಅಗತ್ಯ ಅಲ್ಲಿ ಇರಲಿಲ್ಲ.

ಈ ಕ್ರಮವೇ ಮುಖ್ಯ. ಅಹಮದಾಬಾದಿನಲ್ಲಿ ಇಳಾ ಭಟ್ಟರ ‘ಸೇವಾ’ ಎಂಬ ಸಂಘಟನೆಯದೂ ಇದೇ ಕ್ರಮ: 1972ರಲ್ಲಿ ಯೂನಿಯನ್, 1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ಕಟ್ಟಿದ ಬ್ಯಾಂಕ್. ಮೊದಲು ದುಡಿಮೆಯ ಮೇಲಿನ ಹಕ್ಕು, ಆಮೇಲೆ ದುಡಿದದ್ದನ್ನು ಕಾಪಾಡುವ ಪೆಟ್ಟಿಗೆ. ಮೈಕ್ರೋಫೈನಾನ್ಸ್ ಪೆಟ್ಟಿಗೆಯಿಂದ ಶುರು ಮಾಡಿ ಹಕ್ಕು ತಾನಾಗಿ ಬರುತ್ತದೆ ಎಂದು ಕಾಯುತ್ತದೆ.

ಪಂಚಾಯತ್‌ನ ಸದಸ್ಯರು ಸ್ವಚ್ಛ ಎಂಬ ಹೆಸರಿನ ಸೇವಾ ಸಹಕಾರಿ ಸಂಸ್ಥೆ ನೋಂದಾಯಿಸಿ 2008ರಲ್ಲಿ ಪುಣೆ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡರು. ಇದಕ್ಕೂ ಒಂದು ಕಾರಣವಿತ್ತು. 2000ದ ಘನತ್ಯಾಜ್ಯ ನಿಯಮಗಳು ಮನೆಮನೆಯಿಂದ ಕಸ ಸಂಗ್ರಹವನ್ನು ಕಡ್ಡಾಯ ಮಾಡಿದ್ದವು. ಆ ಕೆಲಸ ಲಾರಿಯ ಗುತ್ತಿಗೆದಾರರ ಪಾಲಾದರೆ ಆಯುವವರ ಅನ್ನ ಹೋಗುತ್ತಿತ್ತು. ಆದ್ದರಿಂದ ಕೆಲಸವನ್ನೇ ತಮ್ಮ ಸಹಕಾರ ಸಂಘದ ಕೈಗೆ ತೆಗೆದುಕೊಂಡರು. ಮೂರು ಸಾವಿರಕ್ಕೂ ಹೆಚ್ಚು ಸದಸ್ಯರು ಜೋಡಿಜೋಡಿಯಾಗಿ ತಳ್ಳುಗಾಡಿಯೊಂದಿಗೆ ಗೊತ್ತಾದ ಮನೆಗಳಿಗೆ ಹೋಗುತ್ತಾರೆ. ಮನೆಯವರು ತಿಂಗಳ ಶುಲ್ಕ ನೇರವಾಗಿ ಅವರಿಗೆ ಕೊಡುತ್ತಾರೆ. ಹಸಿಕಸ ಪಾಲಿಕೆಯ ವಾಹನಕ್ಕೆ ಹೋಗುತ್ತದೆ, ಒಣಕಸ ವಿಂಗಡಿಸಿ ಮಾರಿದ ಹಣ ಆಯ್ದವರದು. ಬಳಸಿದ ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಟ್ಟು ಕೊಡಿ ಎಂದು ಮನೆಗಳಿಗೆ ಕಲಿಸಿದವರೂ ಅವರೇ. ಪುಣೆಯ ಸುಶಿಕ್ಷಿತ ಮನೆಗಳಿಗೆ ಈ ಒಂದು ಸಣ್ಣ ಮರ್ಯಾದೆ ಕಲಿಯಲು ಚಳವಳಿಯೇ ಬೇಕಾಯಿತೆಂಬುದು ಬೇರೆ ಮಾತು.

ಈ ಹೆಂಗಸರ ಆದಾಯ ಏರಿದ್ದಕ್ಕೆ ಬಂಡವಾಳ ಕಾರಣವಲ್ಲ. ತಳ್ಳುಗಾಡಿ, ಕೈಗವಸು, ವಿಂಗಡಣೆಗೆ ನೆರಳಿರುವ ಜಾಗ, ಇಷ್ಟೇ ಅವರಿಗೆ ಬೇಕಾದ ಬಂಡವಾಳ, ಅದನ್ನು ಒದಗಿಸಬೇಕಾದದ್ದು ಪಾಲಿಕೆ. ಬದಲಾದದ್ದು ಕಸದ ಮೇಲಿನ ಹಕ್ಕು. ಹಾಗೆಯೇ ಅವರಿಗಿರುವ ಅಪಾಯವೂ ಸಾಲದ ಅಭಾವದಿಂದ ಬರುವಂಥದ್ದಲ್ಲ. 2020ರ ಕೊನೆಗೆ ಪಾಲಿಕೆಯೊಡನೆ ಒಪ್ಪಂದದ ಅವಧಿ ಮುಗಿದಾಗ ಖಾಸಗಿ ಗುತ್ತಿಗೆಯ ಮಾತು ಎದ್ದಿತು. ಹೆಂಗಸರು ಬೀದಿಗಿಳಿದರು, ಅವರು ಕಸ ಒಯ್ಯುತ್ತಿದ್ದ ಮನೆಗಳ ನಾಗರಿಕರೂ ಪರ ನಿಂತರು, ಒಪ್ಪಂದ ಮುಂದುವರಿಯಿತು. ಒಂದು ಟೆಂಡರು ಮುಚ್ಚಬಹುದಾದ ಬಾಗಿಲನ್ನು ಉದ್ಯಮಶೀಲತಾ ತರಬೇತಿ ತೆರೆದಿಡಲಾರದು.

ಇಲ್ಲಿ ಪ್ರಚಲಿತ ಮತದವರು ಇನ್ನೊಂದು ಆಕ್ಷೇಪ ಎತ್ತುತ್ತಾರೆ. ಸ್ವಚ್ಛದ ಮೇಲ್ವಿಚಾರಣೆ, ಕಚೇರಿ, ಸಲಕರಣೆಗಳ ಖರ್ಚಿಗೆ ಪಾಲಿಕೆಯ ಹಣ ಬೇಕು. ಹೀಗಿರುವಾಗ ಅದು ತನ್ನ ಕಾಲ ಮೇಲೆ ನಿಂತ ಸಂಸ್ಥೆ ಹೇಗಾದೀತು? ಸುಸ್ಥಿರತೆ ಎಂಬ ಪದವನ್ನು ಹೀಗೆ ಹಿಡಿಯುವುದರಲ್ಲೇ ಮೋಸವಿದೆ. ಊರಿನ ಕಸ ಎತ್ತುವುದು ಪಾಲಿಕೆಯ ಹೊಣೆ. ಆ ಹೊಣೆ ಹೊತ್ತವರಿಗೆ ಪಾಲಿಕೆ ಕೊಡುವ ಹಣ ಧರ್ಮವಲ್ಲ, ಅದು ಬಾಕಿ ಇರುವ ಕೂಲಿಯ ಒಂದು ಭಾಗ. ಇನ್ನು ಸ್ವಾವಲಂಬನೆಯ ಈ ಕಟ್ಟುನಿಟ್ಟನ್ನು ಮಹಾರಾಷ್ಟ್ರ ಯಾರ ಮೇಲೆ ಹೇರಿದೆ, ಯಾರನ್ನು ಬಿಟ್ಟಿದೆ ಎಂಬುದನ್ನೂ ನೋಡಬೇಕು. ಸಹಕಾರಿ ಸಕ್ಕರೆ ಕಾರ್ಖಾನೆಗಳು ಸರ್ಕಾರದ ಷೇರು ಬಂಡವಾಳ ಮತ್ತು ಸರ್ಕಾರದ ಖಾತರಿಯ ಮೇಲಿನ ಸಾಲದಿಂದ ಎದ್ದು ನಿಂತವು. ಪ್ರವರಾದ ಮೊದಲ ಸಹಕಾರಿ ಸಕ್ಕರೆ ಕಾರ್ಖಾನೆಗೆ ಬೆನ್ನೆಲುಬಾದವರು ಪುಣೆಯ ಗೋಖಲೆ ಸಂಸ್ಥೆಯ ಧನಂಜಯರಾವ್ ಗಾಡ್ಗೀಳ್. ಸಣ್ಣ ರೈತರ ಸಹಕಾರ ತಾನಾಗಿ ಬೆಳೆಯದು, ಸರ್ಕಾರ ಕೈ ಕೊಡಬೇಕು ಎಂಬ ಅವರ ಕಾಲದ ತಿಳಿವಳಿಕೆ ತಪ್ಪಾಗಿರಲಿಲ್ಲ. ಕಬ್ಬಿನ ರೈತನಿಗೆ ಒಪ್ಪುವ ಆ ನ್ಯಾಯ ಕಸ ಆಯುವವಳ ಸರದಿ ಬಂದಾಗ ಸಬ್ಸಿಡಿಯ ದುರಭ್ಯಾಸವಾಗಿಬಿಡುತ್ತದೆ.

ಸಹಕಾರ ಸಂಘಗಳೇನು ಪರಿಶುದ್ಧವೇ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಪುಣೆಯಲ್ಲಿ ನಿಂತು ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇಲ್ಲಿನ ಹಳೆಯ ರೂಪೀ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2013ರಲ್ಲಿ ನಿರ್ಬಂಧ ಹೇರಿತು, 2022ರಲ್ಲಿ ಪರವಾನಗಿಯನ್ನೇ ರದ್ದು ಮಾಡಿತು. ಠೇವಣಿದಾರರು ಒಂಬತ್ತು ವರ್ಷ ತಮ್ಮದೇ ಹಣಕ್ಕಾಗಿ ಕಾದರು. ಸಹಕಾರ ಎಂಬ ಫಲಕ ತೂಗಿದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಸದಸ್ಯರು ಬರಿಯ ಠೇವಣಿದಾರರಾಗಿ, ಆಡಳಿತ ಮಂಡಳಿ ಬೇರೆಯೇ ಲೋಕವಾಗಿ ಉಳಿದ ಕಡೆಗಳಲ್ಲೆಲ್ಲ ಇದೇ ಕತೆ. ಇದು ಮೈಕ್ರೋಫೈನಾನ್ಸಿನ ಪರವಾದ ಸಾಕ್ಷ್ಯವಾಗುವುದಿಲ್ಲ. ಒಡೆತನ ಸವೆದಷ್ಟೂ ಸಂಘ ಕೆಡುತ್ತದೆ ಎಂಬುದು ನಿಜವಾದರೆ, ಒಡೆತನವೇ ಇಲ್ಲದ ಜಂಟಿ ಹೊಣೆಯ ಗುಂಪಿನ ಬಗ್ಗೆ ಬೇರೆ ಹೇಳಬೇಕಾದದ್ದಿಲ್ಲ.

ಸಾಲವೇ ಬೇಡವೆಂಬುದು ಇಲ್ಲಿಯ ವಾದವಲ್ಲ. ತಿಂಗಳಿಗೆ ನೂರಕ್ಕೆ ಹತ್ತರಂತೆ ಬಡ್ಡಿ ಕೇಳುವವನಿಗಿಂತ ವರ್ಷಕ್ಕೆ ಇಪ್ಪತ್ತನಾಲ್ಕು ಕೇಳುವ ಕಂಪನಿ ಮೇಲು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ದುಡಿಮೆ ಏರಿಳಿಯುವ ಮನೆಗೆ ಹತ್ತಿರದಲ್ಲಿ ಸಿಗುವ ಸಾಲ ಒಂದು ಅನುಕೂಲ, ಉಳಿತಾಯಕ್ಕೊಂದು ಭದ್ರ ಜಾಗ ಅದಕ್ಕಿಂತ ದೊಡ್ಡ ಅನುಕೂಲ. ನಲ್ಲಿ ನೀರಿನಂತೆ, ಬಸ್ಸಿನಂತೆ ಅದನ್ನು ಒಂದು ಸೌಕರ್ಯ ಎಂದು ಕರೆದರೆ ಜಗಳವಿಲ್ಲ. ಬಸ್ ಓಡಿದ ಮಾತ್ರಕ್ಕೇ ಹೆಂಗಸರು ಸಬಲರಾದರು ಎನ್ನಲಾಗದು.

ಸಾಲ ಹೆಣ್ಣಿನ ಹೆಸರಿಗೆ ಬಂದರೆ ಸಾಕು, ಸ್ಥಾನಮಾನ ಹಿಂದೆಯೇ ಬರುತ್ತದೆ ಎಂಬ ನಂಬಿಕೆ ಪುಣೆ ಜಿಲ್ಲೆಯಲ್ಲೇ ಇನ್ನೆರಡು ಕಡೆ ಪರೀಕ್ಷೆಗೆ ಒಳಗಾಗಿದೆ. ಚಾಕಣ್ ಬಳಿಯ ಆಂಬೇಠಾಣ್‌ನಲ್ಲಿ ನೆಲೆಸಿ ಶೇತಕರಿ ಸಂಘಟನೆ ಕಟ್ಟಿದ ಶರದ್ ಜೋಶಿ, 1986ರ ಚಾಂದವಡದ ಮಹಿಳಾ ಸಮಾವೇಶದ ನಂತರದ ವರ್ಷಗಳಲ್ಲಿ ಲಕ್ಷ್ಮೀಮುಕ್ತಿ ಎಂಬ ಅಭಿಯಾನ ನಡೆಸಿದರು. ಗಂಡ ತನ್ನ ಜಮೀನಿನ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಮಾಡಿಸಬೇಕು, ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ, ಅವಳ ಹೆಸರು ಏರಬೇಕು ಎಂಬುದು ಅದರ ಬೇಡಿಕೆ. ಮುಕ್ತ ಮಾರುಕಟ್ಟೆಯ ಕಟ್ಟಾ ಪ್ರತಿಪಾದಕರಾಗಿದ್ದ ಜೋಶಿಯವರೂ ಹೆಣ್ಣಿಗೆ ಮೊದಲು ಕೇಳಿದ್ದು ಸಾಲವನ್ನಲ್ಲ, ಆಸ್ತಿಯನ್ನು.

ಇನ್ನೊಂದು ಕಬ್ಬಿನ ಗದ್ದೆ. ಬೀಡ್ ಕಡೆಯಿಂದ ಪ್ರತಿ ದೀಪಾವಳಿಯ ಹೊತ್ತಿಗೆ ಪುಣೆ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಬರುವವರಿಗೆ ಕೂಲಿಯಾಳು ಒದಗಿಸುವ ಗುತ್ತಿಗೆದಾರ, ಅಂದರೆ ಮುಕಾದಮ್, ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಅದಕ್ಕೆ ಉಚಲ್ ಎನ್ನುತ್ತಾರೆ. ಆಸ್ತಿಯ ಜಾಮೀನಿಲ್ಲದ ಸಾಲ ಅದು, ತೀರಿಕೆ ದುಡಿಮೆಯಿಂದ. ಅದರ ಲೆಕ್ಕ ಕೊಯ್ತಾದಲ್ಲಿ ನಡೆಯುತ್ತದೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೊಯ್ತಾ. ಗಂಡ ಕಡಿಯುತ್ತಾನೆ, ಹೆಂಡತಿ ಸೋಗೆ ಕಳೆದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಬಂಡಿಗೋ ಲಾರಿಗೋ ತುಂಬುತ್ತಾಳೆ. ಮುಂಗಡ ಗಂಡನ ಕೈಗೆ ಬರುತ್ತದೆ, ಬಾಕಿ ಇಬ್ಬರ ಮೈಯಿಂದ ತೀರುತ್ತದೆ. ಒಂದು ದಿನ ಕೆಲಸ ತಪ್ಪಿದರೆ ಕಡಿತ ಇಡೀ ಕೊಯ್ತಾಕ್ಕೆ. ಆ ಮುಂಗಡವನ್ನು ನಾಳೆ ಹೆಂಡತಿಯ ಹೆಸರಿಗೆ ಬರೆದುಕೊಟ್ಟರೂ ಮುಕಾದಮ್‌ನ ಪುಸ್ತಕದಲ್ಲಿ ಅವಳು ಅರ್ಧ ಕತ್ತಿಯಾಗಿಯೇ ಇರುತ್ತಾಳೆ. ಕಾರ್ಖಾನೆಯ ಸದಸ್ಯರ ಪಟ್ಟಿಯಲ್ಲಿ ಕಬ್ಬು ಬೆಳೆದವರ ಹೆಸರುಗಳಿವೆ, ಕಡಿದವರ ಹೆಸರಿಲ್ಲ.